ಇನ್ಸುಲಿನ್ ಅಂದ್ರೆ ಕೊನೇ ಸ್ಟೇಜಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಗದ್ದೆ ಕೆಲಸ ಮಾಡುವವರು. ಶುಗರ್ ಬಂದು ಹನ್ನೊಂದು ವರ್ಷ ಆಯಿತು, ಮೂರು ಥರದ ಮಾತ್ರೆ ನುಂಗುತ್ತಾರೆ. ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳಲ್ಲ. ಅನ್ನ ಬಿಟ್ಟು ಬರೀ ಮುದ್ದೆ ಊಟ. ಆದರೂ ನಾಲ್ಕು ತಿಂಗಳಲ್ಲಿ ಆರು ಕೆಜಿ ಇಳಿದಿದ್ದಾರೆ. ಹೋದ ತಿಂಗಳು ಖಾಲಿ ಹೊಟ್ಟೆಯ ಶುಗರ್ 238, ಎಚ್‌ಬಿಎ1ಸಿ 10.2 ಬಂತು. ಡಾಕ್ಟರು ರಾತ್ರಿ ಹೊತ್ತು 10 ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. ಇವರು ಒಪ್ಪುತ್ತಿಲ್ಲ. ‘ಅದು ಕೊನೇ ಸ್ಟೇಜು, ಒಂದ್ಸಲ ಚುಚ್ಚಿಸಿಕೊಂಡರೆ ಸಾಯೋವರೆಗೂ ಬಿಡಲ್ಲ’ ಅನ್ನುತ್ತಾರೆ. ಇವರ ಅಣ್ಣನಿಗೆ ಇನ್ಸುಲಿನ್ ಶುರು ಮಾಡಿದ ತಿಂಗಳಲ್ಲೇ ಕಾಲು ತೆಗೆದರು, ಆ ಭಯ ಬೇರೆ. ಸಿಹಿ ಮುಟ್ಟದವರಿಗೆ ಶುಗರ್ ಏರುವುದು ಹೇಗೆ? ಈ ಇನ್ಸುಲಿನ್ ಮೈಯೊಳಗೆ ಏನು ಮಾಡುತ್ತದೆ? ಅದಿಲ್ಲದೆ ಆಗುವುದೇ ಇಲ್ಲವಾ?
– ಮಂಡ್ಯ ಜಿಲ್ಲೆಯ ಒಬ್ಬ ಓದುಗರು

ಉತ್ತರ: ಅಮ್ಮಾ, ಕೊನೇ ಸ್ಟೇಜ್ ಮಾತನ್ನು ಮೊದಲು ಮುಗಿಸಿಬಿಡೋಣ. ಅಲ್ಲ. ನೀವು ಬರೆದಿರುವ ಅಂಕಿ ನೋಡಿದರೆ ಇನ್ಸುಲಿನ್ ಸಲಹೆ ತಡವಾಗಿ ಬಂದಿದೆಯೇ ಹೊರತು ಅವಸರದಲ್ಲಿ ಬಂದಿಲ್ಲ. ಎಚ್‌ಬಿಎ1ಸಿ 10.2 ಅಂದರೆ ಕಳೆದ ಮೂರು ತಿಂಗಳು ಹಗಲೂ ರಾತ್ರಿ ಅವರ ರಕ್ತದ ಸಕ್ಕರೆ ಸರಾಸರಿ 245ರ ಆಸುಪಾಸಿನಲ್ಲಿ ಇತ್ತು ಅಂತ. ಅದರ ಜೊತೆಗೆ ತೂಕವೂ ಇಳಿಯುತ್ತಿದೆ. ಇವೆರಡೂ ಒಟ್ಟಿಗೆ ಬಂದಾಗ ನಾನಾಗಿದ್ದರೂ ಇನ್ಸುಲಿನ್ನನ್ನೇ ಬರೆಯುತ್ತಿದ್ದೆ.

ಮೈಯೊಳಗೆ ಅದು ಏನು ಮಾಡುತ್ತದೆ ಅಂತ ಕೇಳಿದ್ದೀರಿ. ನೀವು ನಾಲೆ ಬಯಲಿನವರು, ನೀರುಗಂಟಿಯ ಕೆಲಸ ಏನು ಅಂತ ನಾನು ಹೇಳಬೇಕಿಲ್ಲ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ಎತ್ತದೆ ಗದ್ದೆಗೆ ಒಂದು ಹನಿ ಇಳಿಯುವುದಿಲ್ಲ. ನಾವು ತಿಂದ ಮುದ್ದೆ, ಅನ್ನ, ದೋಸೆ, ಬಾಳೆಹಣ್ಣು ಎಲ್ಲವೂ ಕರುಳಿನಲ್ಲಿ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತ ನಾಲೆ ಇದ್ದ ಹಾಗೆ. ಮಾಂಸಖಂಡ ಮತ್ತು ಕೊಬ್ಬಿನ ಜೀವಕೋಶಗಳು ಗದ್ದೆ. ತೂಬು ಎತ್ತುವ ನೀರುಗಂಟಿಯೇ ಇನ್ಸುಲಿನ್. ಅವನು ಬರದಿದ್ದರೆ ನಾಲೆ ಉಕ್ಕುತ್ತದೆ, ಪಕ್ಕದಲ್ಲೇ ಗದ್ದೆ ಬಿರುಕು ಬಿಡುತ್ತದೆ. ಶುಗರ್ 238 ಇರುವ ಮನುಷ್ಯ ಸುಸ್ತು ಸುಸ್ತು ಅನ್ನುವುದು ಇದಕ್ಕೇ.

ನಾಲೆಯಲ್ಲಿ ಇರಬೇಕಾದ ಸಕ್ಕರೆ ಎಷ್ಟು ಕಮ್ಮಿ ಅಂತ ಹೇಳಿದರೆ ನಂಬುವುದು ಕಷ್ಟ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಆರೋಗ್ಯವಂತರಲ್ಲಿ ಅಷ್ಟೂ ರಕ್ತದಲ್ಲಿ ಇರುವ ಸಕ್ಕರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ನಿಮ್ಮ ಯಜಮಾನರ 238 ಅಂದರೂ ಎರಡೂವರೆ ಚಮಚ ದಾಟುವುದಿಲ್ಲ. ಇಷ್ಟು ಸಣ್ಣ ಹೆಚ್ಚುವರಿಯೇ ವರ್ಷಗಟ್ಟಲೆ ಉಳಿದುಬಿಟ್ಟರೆ ಕಣ್ಣು, ಕಿಡ್ನಿ, ನರ, ಹೃದಯ ಎಲ್ಲಕ್ಕೂ ಪೆಟ್ಟು.

ಈಗ ಮುದ್ದೆಯ ಲೆಕ್ಕ ಹಾಕಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಪಿಷ್ಟ ಸುಮಾರು 67 ಗ್ರಾಂ. ಒಂದು ಒಳ್ಳೆ ಗಾತ್ರದ ಮುದ್ದೆಗೆ ಅಷ್ಟು ಹಿಟ್ಟು ಬೇಕೇ ಬೇಕು. ಅಂದರೆ ಇಡೀ ರಕ್ತದಲ್ಲಿ ಇರಬೇಕಾದ ಸಕ್ಕರೆಯ ಹದಿಮೂರು ಪಟ್ಟು ಒಂದೇ ಊಟದಲ್ಲಿ ಒಳಗೆ ಬರುತ್ತಿದೆ. ಆರೋಗ್ಯವಂತರಲ್ಲಿ ಇಷ್ಟು ಬಂದರೂ ಎರಡು ಗಂಟೆಯೊಳಗೆ ಶುಗರ್ 140ರ ಕೆಳಗೆ ಇಳಿದಿರುತ್ತದೆ. ನೀರುಗಂಟಿ ಎಷ್ಟು ಚುರುಕು ನೋಡಿ.

ಸಿಹಿ ಮುಟ್ಟದವರಿಗೆ ಶುಗರ್ ಏಕೆ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ, ಅಲ್ವಾ? ನಾಲಿಗೆಗೆ ಸಿಹಿಯಾದದ್ದೇ ಸಕ್ಕರೆ ಅಂತ ನಾವು ಅಂದುಕೊಂಡಿದ್ದೇವೆ. ಕರುಳಿಗೆ ಆ ಭೇದ ಗೊತ್ತಿಲ್ಲ. ಹಾಗಂತ ರಾಗಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ರಾಗಿಯಲ್ಲಿ ನಾರು ನೂರು ಗ್ರಾಮಿಗೆ ಹನ್ನೊಂದು ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ ಮೂರೂ ಇಲ್ಲ. ಕ್ಯಾಲ್ಸಿಯಂ ವಿಷಯದಲ್ಲಂತೂ ರಾಗಿಯ ಹತ್ತಿರ ಯಾವ ಧಾನ್ಯವೂ ಸುಳಿಯುವುದಿಲ್ಲ. ಆದರೆ ‘ಮುದ್ದೆ ಶುಗರಿಗೆ ಒಳ್ಳೇದು’ ಅನ್ನುವ ಮಾತು ಕೇಳಿ ಒಂದು ತಿನ್ನುವವರು ಎರಡು ತಿನ್ನುತ್ತಾರೆ. ನನ್ನ ಕ್ಲಿನಿಕ್‌ಗೆ ಬರುವ ಅರ್ಧ ಜನರ ಕಥೆ ಇದು. ಇನ್ನರ್ಧ ಜನ ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದವರು. ಬೆಲ್ಲವೂ ಕಬ್ಬಿನದ್ದೇ ತಾನೇ? ಸಕ್ಕರೆ ನಾಡಿನವರಿಗೆ ಇದನ್ನು ಬೇರೆ ಹೇಳಬೇಕಾ!

ಇನ್ಸುಲಿನ್ ತಯಾರಾಗುವುದು ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ. ಅದರೊಳಗೆ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಬೀಟಾ ಕೋಶಗಳ ಗುಂಪುಗಳಿವೆ. ಕೆಲವರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಕೋಶಗಳನ್ನು ಹೊಡೆದು ಹಾಕುತ್ತದೆ. ಅದು ಟೈಪ್ 1. ಅಲ್ಲಿ ನೀರುಗಂಟಿಯೇ ಇಲ್ಲ. ಮೊದಲ ದಿನದಿಂದಲೇ ಹೊರಗಿನಿಂದ ಇನ್ಸುಲಿನ್ ಕೊಡಬೇಕು, ಬೇರೆ ದಾರಿ ಇಲ್ಲ.

ನಿಮ್ಮ ಯಜಮಾನರದ್ದು ಟೈಪ್ 2 ಇರಬೇಕು, ನಮ್ಮಲ್ಲಿ ಕಾಣುವ ಬಹುಪಾಲು ಅದೇ. ಇಲ್ಲಿ ಮೊದಮೊದಲು ನೀರುಗಂಟಿ ಇರುತ್ತಾನೆ, ಆದರೆ ತೂಬುಗಳು ಬಿಗಿದುಕೊಂಡಿರುತ್ತವೆ. ಹೊಟ್ಟೆ ಸುತ್ತ ಮತ್ತು ಲಿವರ್‌ನಲ್ಲಿ ಕೊಬ್ಬು ಸೇರಿದಷ್ಟೂ ಬಿಗಿತ ಜಾಸ್ತಿ. ನೋಡುವುದಕ್ಕೆ ಸಣ್ಣಗಿರುವವರಿಗೂ ಈ ಒಳಗಿನ ಕೊಬ್ಬು ಇರಬಹುದು, ನಮ್ಮ ದೇಶದವರಲ್ಲಿ ಇದು ಮಾಮೂಲು. ಒಬ್ಬ ನೀರುಗಂಟಿ ಮಾಡುವ ಕೆಲಸಕ್ಕೆ ಮೂವರು ಬೇಕಾಗುತ್ತಾರೆ. ಪ್ಯಾಂಕ್ರಿಯಾಸ್ ವರ್ಷಗಟ್ಟಲೆ ಹಗಲು ರಾತ್ರಿ ದುಡಿದು ಅಷ್ಟನ್ನೂ ಪೂರೈಸುತ್ತದೆ. ಆಮೇಲೆ ಬೀಟಾ ಕೋಶಗಳು ಸೋಲುವುದಕ್ಕೆ ಶುರುವಾಗುತ್ತವೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಕಂಡದ್ದು ಇದು: ಶುಗರ್ ಇದೆ ಅಂತ ಮೊದಲ ಬಾರಿ ಗೊತ್ತಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಶಕ್ತಿ ಹೆಚ್ಚುಕಮ್ಮಿ ಅರ್ಧ ಹೋಗಿರುತ್ತದೆ. ಉಳಿದದ್ದೂ ವರ್ಷದಿಂದ ವರ್ಷಕ್ಕೆ ಕರಗುತ್ತದೆ.

ನಿಮ್ಮವರಿಗೆ ಹನ್ನೊಂದು ವರ್ಷ ಆಗಿದೆ. ಮೂರು ಮಾತ್ರೆಯಲ್ಲಿ ಒಂದು ಗ್ಲಿಮೆಪಿರೈಡ್ ಥರದ್ದು ಇದ್ದರೆ, ಅದರ ಕೆಲಸ ಪ್ಯಾಂಕ್ರಿಯಾಸನ್ನು ಒತ್ತಿ ಇನ್ಸುಲಿನ್ ಹೊರಡಿಸುವುದು. ಒಳಗೆ ಇದ್ದರೆ ತಾನೇ ಹೊರಡುವುದು! ಹಿಂಡಿದ ನಿಂಬೆಹಣ್ಣನ್ನೇ ಮತ್ತೆ ಮತ್ತೆ ಹಿಂಡಿದರೆ ಕೈ ನೋಯುತ್ತದೆ ಅಷ್ಟೇ. ಆದ್ದರಿಂದ ಮಾತ್ರೆ ಕೆಲಸ ಮಾಡುತ್ತಿಲ್ಲ ಅನ್ನುವುದು ಅವರ ತಪ್ಪಲ್ಲ. ಪಥ್ಯ ಮುರಿದಿರಿ ಅಂತ ಅವರನ್ನು ಬೈಯಬೇಡಿ. ಕಾಯಿಲೆಯ ದಾರಿಯೇ ಹಾಗೆ.

ಇನ್ನು ಖಾಲಿ ಹೊಟ್ಟೆಯ 238. ‘ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದೆ ಡಾಕ್ಟ್ರೇ, ಬೆಳಗ್ಗೆ ಎಲ್ಲಿಂದ ಬಂತು ಇಷ್ಟೊಂದು?’ ಅಂತ ವಾರಕ್ಕೆ ಹತ್ತು ಜನ ಕೇಳುತ್ತಾರೆ. ಬಂದದ್ದು ಲಿವರ್‌ನಿಂದ. ಹಗಲು ಉಳಿದ ಸಕ್ಕರೆಯನ್ನು ಲಿವರ್ ಕಣಜದ ಹಾಗೆ ಕೂಡಿಟ್ಟುಕೊಂಡು, ನಾವು ಉಪವಾಸ ಇರುವಾಗ ಮಿದುಳಿಗೆ ಬೇಕಲ್ಲ ಅಂತ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕೂಡಿಟ್ಟದ್ದು ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ ಕೂಡ. ‘ಸಾಕು, ಕಣಜ ಮುಚ್ಚು’ ಅಂತ ಅದಕ್ಕೆ ಹೇಳುವುದೂ ಇನ್ಸುಲಿನ್ನೇ. ಹೇಳುವವರಿಲ್ಲದಿದ್ದರೆ ಅದು ರಾತ್ರಿಯಿಡೀ ಸುರಿಯುತ್ತಲೇ ಇರುತ್ತದೆ. ಬೆಳಗಿನ ಜಾವ ದೇಹದ ಬೇರೆ ಹಾರ್ಮೋನುಗಳೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ. ನಿಮ್ಮ ಡಾಕ್ಟರು ಬೆಳಗ್ಗೆ ಬಿಟ್ಟು ರಾತ್ರಿ ಇನ್ಸುಲಿನ್ ಬರೆದದ್ದು ಈ ಲಿವರನ್ನು ಹಿಡಿಯುವುದಕ್ಕೆ. ಲೆಕ್ಕಾಚಾರ ಸರಿಯಾಗಿದೆ.

ಆರು ಕೆಜಿ ಇಳಿದದ್ದು ನನಗೆ 238ಕ್ಕಿಂತ ಜಾಸ್ತಿ ಚಿಂತೆ ತರುತ್ತದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ನಾಲ್ಕು ಸಲ ಏಳುವುದು, ಬಾಯಿ ಒಣಗುವುದು ಇದರಿಂದಲೇ. ಇತ್ತ ಜೀವಕೋಶಗಳು ಹಸಿದಿವೆ. ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ಉರಿಸಿಕೊಳ್ಳುತ್ತದೆ. ನಮ್ಮವರು ‘ತಿಂದದ್ದು ಮೈಗೆ ಹತ್ತುತ್ತಿಲ್ಲ’ ಅನ್ನುತ್ತಾರಲ್ಲ, ಅಕ್ಷರಶಃ ಅದೇ ಆಗುತ್ತಿದೆ. ತಿಂದದ್ದನ್ನು ಮೈಗೆ ಹತ್ತಿಸುವ ವಸ್ತು ಇನ್ಸುಲಿನ್.

ಆದರೂ ಎರಡು ವಿಷಯ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಶುಗರ್ ಇರುವವರಿಗೆ ಕ್ಷಯ ಬೇಗ ಅಂಟುತ್ತದೆ, ಕ್ಷಯ ಬಂದರೆ ಶುಗರ್ ಏರುತ್ತದೆ. ಎರಡನೆಯದು, ಹೊಟ್ಟೆ ನೋವೋ ಬೆನ್ನು ನೋವೋ ಇದ್ದು ತೂಕ ಇಳಿಯುತ್ತಿದ್ದರೆ ಹೊಟ್ಟೆಯ ಸ್ಕ್ಯಾನ್ ಬೇಕೇ ಅಂತ ಕೇಳಿ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಐವತ್ತು ದಾಟಿದವರ ತೂಕ ಕಾರಣವಿಲ್ಲದೆ ಇಳಿದರೆ ಎಲ್ಲವನ್ನೂ ಶುಗರ್ ತಲೆಗೇ ಕಟ್ಟಬಾರದು.

ನಿಮ್ಮ ಭಾವನವರ ಕಾಲಿನ ವಿಷಯಕ್ಕೆ ಬರುತ್ತೇನೆ. ಅವರನ್ನು ನಾನು ನೋಡಿಲ್ಲ, ಆದರೆ ಇಂಥ ಕಥೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಶುಗರ್ ಹಲವು ವರ್ಷ ಏರಿಯೇ ಇರುತ್ತದೆ. ಪಾದದ ನರ ಸತ್ತು ಸ್ಪರ್ಶ ಹೋಗಿರುತ್ತದೆ, ರಕ್ತನಾಳ ಕಟ್ಟಿರುತ್ತದೆ. ಮುಳ್ಳೋ ಗಾಜೋ ಚುಚ್ಚಿದ್ದು ಗೊತ್ತಾಗದೆ ಕೀವು ತುಂಬುತ್ತದೆ. ಸೋಂಕಿಗೆ ಶುಗರ್ ಇನ್ನೂ ಏರುತ್ತದೆ. ಆಗ ಆಸ್ಪತ್ರೆಗೆ ಸೇರಿಸುತ್ತಾರೆ, ಆಗ ಇನ್ಸುಲಿನ್ ಶುರು ಮಾಡುತ್ತಾರೆ, ಆದರೆ ಕಾಲು ಆಗಲೇ ಕೈಬಿಟ್ಟುಹೋಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ ಹಾಗೆ. ಮನೆಯವರ ಕಣ್ಣಿಗೆ ಕಾಣುವುದು ಮಾತ್ರ ‘ಇನ್ಸುಲಿನ್ ಬಂತು, ಕಾಲು ಹೋಯಿತು’. ಬಾಗಿಲಿನ ಮೇಲೆ ಅಪವಾದ ಹೊರಿಸಿ ಏನು ಪ್ರಯೋಜನ?

ಸಾಯೋವರೆಗೂ ಬಿಡಲ್ಲ ಅನ್ನುವುದು ಅರ್ಧ ನಿಜ. ಇನ್ಸುಲಿನ್ ಚಟ ಹಿಡಿಸುವ ವಸ್ತು ಅಲ್ಲ, ನಮ್ಮ ಮೈಯೇ ತಯಾರಿಸುವ ಪದಾರ್ಥ. ಬಸುರಿಯರಿಗೆ ಕೊಟ್ಟು ಹೆರಿಗೆ ಆದ ಮೇಲೆ ನಿಲ್ಲಿಸುತ್ತೇವೆ. ಆಪರೇಷನ್ ಹೊತ್ತಿಗೆ ಕೊಟ್ಟು ಗಾಯ ಮಾಗಿದ ಮೇಲೆ ನಿಲ್ಲಿಸುತ್ತೇವೆ. ಶುಗರ್ 400 ಅಂತ ಹೊಸದಾಗಿ ಬಂದವರಿಗೆ ಕೆಲವು ವಾರ ಕೊಟ್ಟರೆ ದಣಿದ ಬೀಟಾ ಕೋಶಗಳು ಸುಧಾರಿಸಿಕೊಂಡು ಮತ್ತೆ ಮಾತ್ರೆಗೇ ಬರುವುದೂ ಉಂಟು. ಆದರೆ ನಿಮ್ಮವರಿಗೆ ಹನ್ನೊಂದು ವರ್ಷ ಆಗಿರುವುದರಿಂದ ನಾನು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಬಹುಶಃ ಮುಂದುವರಿಸಬೇಕಾಗುತ್ತದೆ. ಕನ್ನಡಕವನ್ನೂ ಹಾಗೇ ಅಲ್ಲವೇ ಹಾಕಿಕೊಂಡಿರುವುದು? ಇನ್ನೊಂದು ಮಾತು ಅವರಿಗೆ ಹೇಳಿ: ಆರೋಗ್ಯವಂತರ ಪ್ಯಾಂಕ್ರಿಯಾಸ್ ದಿನಕ್ಕೆ ಸುಮಾರು 30ರಿಂದ 50 ಯೂನಿಟ್ ಇನ್ಸುಲಿನ್ ತಯಾರಿಸುತ್ತದೆ. ಡಾಕ್ಟರು ಬರೆದಿರುವುದು 10. ಬೆಳಗಿನ ಶುಗರ್ ನೋಡಿಕೊಂಡು ಅದನ್ನು ಎರಡೆರಡು ಯೂನಿಟ್ ಏರಿಸುತ್ತಾ ಹೋಗಬಹುದು. ಡೋಸ್ ಏರಿತು ಅಂದರೆ ರೋಗ ಏರಿತು ಅಂತ ಅಲ್ಲ, ಸರಿಯಾದ ಅಳತೆ ಹುಡುಕುತ್ತಿದ್ದಾರೆ ಅಂತ.

ಇದನ್ನು ‘ಕೊನೆ’ ಅನ್ನುವವರಿಗೆ ನಾನು ಕೆನಡಾದ ಟೊರಾಂಟೊ ನಗರದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಲಿಯೊನಾರ್ಡ್ ಥಾಂಪ್ಸನ್, 14 ವರ್ಷ, ಟೈಪ್ 1. ಆಗ ಆ ಕಾಯಿಲೆಗೆ ಇದ್ದ ಒಂದೇ ಮದ್ದು ಮಕ್ಕಳನ್ನು ಹೆಚ್ಚುಕಮ್ಮಿ ಉಪವಾಸ ಕೆಡವುವುದು, ಅದರಿಂದ ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು ಅಷ್ಟೇ. 1922ರ ಜನವರಿ 11ರಂದು ಅವನಿಗೆ ದನದ ಪ್ಯಾಂಕ್ರಿಯಾಸ್‌ನಿಂದ ತೆಗೆದ ರಸ ಚುಚ್ಚಿದರು. ಅಷ್ಟಾಗಿ ಫಲಿಸಲಿಲ್ಲ, ಚುಚ್ಚಿದ ಜಾಗ ಬಾತುಕೊಂಡಿತು. ಹನ್ನೆರಡು ದಿನ ಬಿಟ್ಟು, ಕಾಲಿಪ್ ಎಂಬ ರಸಾಯನ ವಿಜ್ಞಾನಿ ಶುದ್ಧ ಮಾಡಿಕೊಟ್ಟ ರಸ ಚುಚ್ಚಿದಾಗ ಶುಗರ್ ಇಳಿಯಿತು. ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಇನ್ಸುಲಿನ್ ಕಂಡುಹಿಡಿದದ್ದಕ್ಕೆ ಟೊರಾಂಟೊದ ವಿಜ್ಞಾನಿಗಳಾದ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ಮರುವರ್ಷವೇ ನೊಬೆಲ್ ಬಂತು. ‘ದನದ್ದಾ? ಹಂದೀದಾ?’ ಅಂತ ಈಗಲೂ ಕೆಲವರು ಮೆಲ್ಲಗೆ ಕೇಳುತ್ತಾರೆ. ಈಗ ನಿಮ್ಮ ಕೈಗೆ ಬರುವ ಇನ್ಸುಲಿನ್ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಬಳಸಿ ತಯಾರಾದದ್ದು. ಬೆಂಗಳೂರಿನ ಬಯೋಕಾನ್ ಕಂಪನಿಯೇ 2004ರಿಂದ ಯೀಸ್ಟ್ ಇನ್ಸುಲಿನ್ ಮಾರುತ್ತಿದೆ. ಮಾತ್ರೆ ರೂಪದಲ್ಲಿ ಯಾಕಿಲ್ಲ ಅಂದರೆ, ಇದು ಪ್ರೋಟೀನ್. ನುಂಗಿದರೆ ಹೊಟ್ಟೆ ಇದನ್ನೂ ಬೇಳೆಯ ಥರ ಜೀರ್ಣ ಮಾಡಿಬಿಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ, ಸಿರಿಂಜು. ಒಬ್ಬರು ಹಿರಿಯರು ದಿನಾ 30 ಯೂನಿಟ್ ಹಾಕಿಕೊಳ್ಳುತ್ತೇನೆ ಅನ್ನುತ್ತಿದ್ದರು, ಶುಗರ್ ಮಾತ್ರ 300ರಿಂದ ಕೆಳಗೆ ಬರುತ್ತಿರಲಿಲ್ಲ. ‘ಮನೆಯಲ್ಲಿರುವುದನ್ನೆಲ್ಲ ತನ್ನಿ’ ಅಂದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಬಾಟಲಿ, ಸಿರಿಂಜು, ಹತ್ತಿ ಎಲ್ಲ ತಂದು ಮೇಜಿನ ಮೇಲೆ ಸುರಿದರು. ಬಾಟಲಿಯ ಮೇಲೆ 40 ಅಂತ ಇತ್ತು. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಗೊತ್ತಾಗಿಹೋಯಿತು. ನಮ್ಮ ದೇಶದಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಒಂದು ಮಿಲಿಗೆ 100 ಯೂನಿಟ್ಟಿನ ಬಾಟಲಿಗೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 30ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಬರೀ 12 ಯೂನಿಟ್. ತಿರುಗಮುರುಗ ಆದರೆ ಎರಡೂವರೆ ಪಟ್ಟು ಹೋಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಬಾಟಲಿ ಮೇಲಿನ ನಂಬರ್, ಸಿರಿಂಜಿನ ಮೇಲಿನ ನಂಬರ್ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ. ಪೆನ್ ಆದರೆ ಈ ರಗಳೆ ಇಲ್ಲ, ದುಡ್ಡು ಮಾತ್ರ ಜಾಸ್ತಿ.

ಚುಚ್ಚುವ ಜಾಗ ಹೊಟ್ಟೆ, ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು. ತೊಡೆಯ ಹೊರಭಾಗವೂ ಆಗುತ್ತದೆ. ದಿನಾ ಜಾಗ ಬದಲಿಸಿ. ನೋವಾಗಲ್ಲ ಅಂತ ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿನೊಳಗೆ ಹಾಕಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಡೆಯದ ಬಾಟಲಿ ಫ್ರಿಜ್ಜಿನಲ್ಲಿರಲಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಬಳಸಲು ಶುರು ಮಾಡಿದ್ದು ಬಿಸಿಲು ಬೀಳದ ತಂಪು ಜಾಗದಲ್ಲಿ ನಾಲ್ಕು ವಾರ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆ ಸಾಕು, ಬಾಟಲಿಗೆ ನೀರು ತಾಗದ ಹಾಗೆ ಇಡಬೇಕು.

ಇನ್ಸುಲಿನ್ನಿಗೆ ನಿಜವಾಗಿ ಹೆದರಬೇಕಾದದ್ದು ಒಂದೇ, ಲೋ ಶುಗರ್. 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಎದೆ ಡವಡವ ಅನ್ನುತ್ತದೆ, ಮಾತು ತಡವರಿಸುತ್ತದೆ. ಗದ್ದೆಯಲ್ಲಿ ಬಿಸಿಲಿಗೆ ದುಡಿಯುವವರಿಗೆ, ಅದರಲ್ಲೂ ಊಟ ತಡವಾದ ದಿನ, ಇದು ಬರಬಹುದು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಬೇಕು. ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಮತ್ತೆ ಅಷ್ಟೇ. ಆಮೇಲೆ ಊಟ ಮಾಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರ ಅಂಗಿ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಒಂದು ಯಾವಾಗಲೂ ಇರಲಿ. ಸಕ್ಕರೆ ಕಾಯಿಲೆಯವರ ಜೇಬಲ್ಲಿ ಸಕ್ಕರೆ ಅಂತ ಯಾರಾದರೂ ನಕ್ಕರೆ ನಗಲಿ. ಇನ್ಸುಲಿನ್ ಶುರುವಾದ ಮೇಲೆ ಯಾವ ಮಾತ್ರೆ ಇಟ್ಟುಕೊಳ್ಳಬೇಕು, ಯಾವುದನ್ನು ಕಡಿಮೆ ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ. ತೂಕ ಒಂದೆರಡು ಕೆಜಿ ಏರಬಹುದು, ನಿಮ್ಮವರಿಗೆ ಅದು ಬೇಕಾದದ್ದೇ.

ಊಟದಲ್ಲಿ ಮುದ್ದೆ ಬಿಡಿಸಬೇಡಿ, ಗಾತ್ರ ಇಳಿಸಿ. ಅರ್ಧ ಮುದ್ದೆ, ಅದರ ಎರಡರಷ್ಟು ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ. ಮೊದಲು ಸೊಪ್ಪು ಕಾಳು, ಆಮೇಲೆ ಮುದ್ದೆ. ಊಟವಾದ ಮೇಲೆ ಕಾಲು ಗಂಟೆ ನಡೆದರೆ ಮಾಂಸಖಂಡಗಳು ಇನ್ಸುಲಿನ್ ಸಹಾಯ ಇಲ್ಲದೆಯೂ ಸ್ವಲ್ಪ ಸಕ್ಕರೆ ಎಳೆದುಕೊಳ್ಳುತ್ತವೆ. ನೀರುಗಂಟಿ ಬರದಿದ್ದರೂ ರೈತನೇ ಹೋಗಿ ತೂಬು ಎತ್ತಿಕೊಂಡ ಹಾಗೆ.

ಪಾದ ನೋಡುವ ಕೆಲಸ ನೀವು ವಹಿಸಿಕೊಳ್ಳಿ. ದಿನಾ ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲು ದೀಪಕ್ಕೆ ಹಿಡಿದು ನೋಡಿ. ಬಿಸಿಲುಕಾಲದಲ್ಲಿ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಪೂರ್ತಿ ಬೊಬ್ಬೆ ಎದ್ದರೂ ಗೊತ್ತಾಗದೆ ಮನೆಗೆ ಬಂದವರನ್ನು ನಾನು ನೋಡಿದ್ದೇನೆ. ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವ ಹರಕೆ ಇದ್ದರೆ ಅದನ್ನು ಬಸ್ಸಿನಲ್ಲಿ ಹೋಗಿ ತೀರಿಸಲಿ, ಮಾದಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ಮೂತ್ರದ ಪ್ರೋಟೀನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಆಗಿದೆ ಅಂತ ನೀವು ಬರೆದಿಲ್ಲ.

ಅವರು ಇನ್ನೂ ಒಪ್ಪದಿದ್ದರೆ ಜಗಳ ಬೇಡ. ಆದರೆ ವಾಂತಿ, ಹೊಟ್ಟೆ ನೋವು, ಏದುಸಿರು ಬಂದರೆ ಅವರ ಒಪ್ಪಿಗೆಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥದ್ದೇನೂ ಇಲ್ಲದಿದ್ದರೆ ಮೂರು ತಿಂಗಳು ಹಾಕಿಕೊಂಡು ನೋಡೋಣ, ಆಮೇಲೆ ಮತ್ತೆ ಎಚ್‌ಬಿಎ1ಸಿ ಮಾಡಿಸೋಣ ಅಂತ ಕೇಳಿ ನೋಡಿ. ಮೂರು ತಿಂಗಳು ಯಾಕೆ ಅಂದರೆ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಳೇ ಸಕ್ಕರೆ ಅಂಟಿದ ಕಣಗಳು ಹೋಗಿ ಹೊಸವು ಬರಬೇಕು. ಇನ್ಸುಲಿನ್ ಶುರು ಮಾಡುವ ದಿನ ಡಾಕ್ಟರ ಹತ್ತಿರ ಇಬ್ಬರೂ ಹೋಗಿ. ಬಾಟಲಿ, ಸಿರಿಂಜು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳು ಎಲ್ಲ ಚೀಲದಲ್ಲಿರಲಿ. ಮೊದಲ ಚುಚ್ಚನ್ನು ನರ್ಸ್ ಎದುರಿಗೆ ಅವರ ಕೈಯಿಂದಲೇ ಹಾಕಿಸಿ. ಸೂಜಿ ಎಷ್ಟು ಸಣ್ಣದು ಅಂತ ಆಗಲೇ ಗೊತ್ತಾಗುವುದು. ‘ಆಯ್ತಾ? ಇಷ್ಟೇನಾ?’ ಅಂತ ಕೇಳಿದವರೇ ಜಾಸ್ತಿ.